ನೋವಿಲ್ಲದ ಜಾಗವನ್ನೂ ನೋಡಿದವರಿಗೆ

ಹೋದ ವಾರದ ತಪಾಸಣೆಯಲ್ಲೂ ನಾಲಿಗೆಯಲ್ಲಿ ಏನೂ ಸಿಗಲಿಲ್ಲ. ಇನ್ಮೇಲೆ ಅಷ್ಟು ಬೇಗ ಬೇಗ ಬರಬೇಕಾಗಿಲ್ಲ ಅಂದರು ಡಾಕ್ಟರ್. ಈಗಲಾದರೂ ಕೆಲವರಿಗೆ ಥ್ಯಾಂಕ್ಸ್ ಹೇಳಬೇಕು.

ಮೊದಲು ನನ್ನ ಹಲ್ಲಿನ ಡಾಕ್ಟರಿಗೆ. ನಾನು ಹೋಗಿದ್ದು ಹಲ್ಲು ಕ್ಲೀನ್ ಮಾಡಿಸೋದಕ್ಕೆ. ಅವರು ಬ್ಯಾಂಡೇಜ್ ಬಟ್ಟೆಯಲ್ಲಿ ನಾಲಿಗೆಯ ತುದಿ ಹಿಡಿದು, ಪಕ್ಕಕ್ಕೆ ಎಳೆದು, ಅಂಚನ್ನು ಹಿಂದಿನವರೆಗೂ ನೋಡಿದರು. ಅಲ್ಲೊಂದು ಬಿಳಿ ಮಚ್ಚೆ. ಒರೆಸಿದರೂ ಹೋಗಲಿಲ್ಲ. ನೋವಿಲ್ಲ, ಉರಿಯಿಲ್ಲ, ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. "ಸುಮ್ನೆ ಬಿಡೋದು ಬೇಡ, ಬಯಾಪ್ಸಿ ಮಾಡಿಸೋಣ" ಅಂದರು.

ರಿಪೋರ್ಟಿನಲ್ಲಿ ಬಂದದ್ದು ಆರಂಭದ ಹಂತದ ಡಿಸ್‌ಪ್ಲೇಸಿಯಾ. ಕೋಶಗಳ ಆಕಾರ ಸ್ವಲ್ಪ ಕೆಟ್ಟಿದೆ, ಆದರೆ ಕ್ಯಾನ್ಸರ್ ಅಲ್ಲ. ಇಂಥವುಗಳಲ್ಲಿ ಹೆಚ್ಚಿನವು ಮುಂದೆಯೂ ಕ್ಯಾನ್ಸರ್ ಆಗೋದಿಲ್ಲ. ಯಾವುದು ಆಗುತ್ತೆ ಅನ್ನೋದು ಮೈಕ್ರೋಸ್ಕೋಪಿನಲ್ಲಿ ನೋಡಿದ ಮಾತ್ರಕ್ಕೆ ತಿಳಿಯೋದಿಲ್ಲ, ಅದೇ ಕಷ್ಟ. ಬಯಾಪ್ಸಿಗೆ ತೆಗೆದ ಚೂರನ್ನು ನೋಡಿದ ಪೆಥಾಲಜಿಸ್ಟ್ ಅಲ್ಲಿಗೇ ಬಿಡದೆ ಅದನ್ನು ಡಿಎನ್ಎ ಪರೀಕ್ಷೆಗೂ ಕಳಿಸಿದರು. ಕೋಶದೊಳಗೆ ಡಿಎನ್ಎ ಹೊತ್ತಿರುವ ಎಳೆಗಳೇ ಕ್ರೋಮೋಸೋಮುಗಳು; ಅವುಗಳಲ್ಲಿ 3 ಮತ್ತು 9ನೆಯವುಗಳ ಗಿಡ್ಡ ತೋಳುಗಳಲ್ಲಿ, ಅಂದರೆ ಚಿಕ್ಕ ಬದಿಯಲ್ಲಿ, ಭಾಗಗಳು ಕಳೆದುಹೋಗಿದ್ದವು. ಕೋಶ ಅಂಕೆ ಮೀರಿ ಬೆಳೆಯದಂತೆ ತಡೆಯುವ ಜೀನ್‌ಗಳಿರುವ ಜಾಗ ಅದು. ಸರ್ಜನ್ ಆಮೇಲೆ ತಡಮಾಡಲಿಲ್ಲ, ಮಚ್ಚೆಯನ್ನು ಪೂರ್ತಿ ತೆಗೆದರು. ಆ ದಿನಗಳಲ್ಲಿ ಅಕ್ಕ ನನ್ನ ಜೊತೆಗೇ ಇದ್ದಳು. ಅವಳಿಗೆ ಏನು ಹೇಳಿದರೂ ಕಮ್ಮಿಯೇ.

ಇನ್ನು ಮುಖ ನೋಡದ ಕೆಲವರಿದ್ದಾರೆ. ಕೆನಡಾದ ಸಂಶೋಧಕಿ ಮಿರಿಯಮ್ ರೋಸಿನ್ ಮತ್ತು ಸಂಗಡಿಗರು 2000ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನನ್ನಂಥದೇ ಆರಂಭದ ಮಚ್ಚೆಯಿದ್ದ 116 ಜನರ ಚೂರುಗಳನ್ನು ಪರೀಕ್ಷಿಸಿದ್ದರು. ಅವರಲ್ಲಿ 29 ಜನರಿಗೆ ಮುಂದೆ ಕ್ಯಾನ್ಸರ್ ಬಂದಿತ್ತು. ಈ ಎರಡು ತೋಳುಗಳಲ್ಲಿ ಮಾತ್ರ ಹಾನಿಯಿದ್ದರೆ, ಅಲ್ಲಿ ಹಾನಿಯಿಲ್ಲದವರಿಗೆ ಹೋಲಿಸಿದರೆ ಅಪಾಯ ಸುಮಾರು 3.8 ಪಟ್ಟು, ಬೇರೆ ಕ್ರೋಮೋಸೋಮುಗಳಲ್ಲೂ ಇದ್ದರೆ 33 ಪಟ್ಟು ಅಂತ ಕಂಡುಬಂತು. ಒಂದೇ ಥರ ಕಾಣುವ ಮಚ್ಚೆಗಳ ನಡುವೆ ಇಷ್ಟು ಅಂತರ!

ಆ 29 ಜನಕ್ಕೆ ಇಂಥ ಎಚ್ಚರಿಕೆ ಸಿಕ್ಕಿರಲಿಲ್ಲ. ಅವರ ಬಾಯಿಂದ ತೆಗೆದ ಚೂರುಗಳಿಂದಲೇ ನನಗೆ ಸಿಕ್ಕಿತು. ಅವರ ಹೆಸರು ನನಗೆ ಗೊತ್ತಿಲ್ಲ. ಅವರಿಗೂ ಅವರ ಮನೆಯವರಿಗೂ ನಾನು ಋಣಿ. ನನ್ನ ಸ್ಯಾಂಪಲ್ಲನ್ನೂ ಸಂಶೋಧನೆಗೆ ಇಟ್ಟುಕೊಳ್ಳಿ ಅಂತ ಸಹಿ ಹಾಕಿ ಕೊಟ್ಟಿದ್ದೇನೆ.