ಸೌಂಡ್ ಬಾಕ್ಸ್ ಘಾಟಿಯ ಬುಡದಲ್ಲೇ ನಿಲ್ಲಲಿ: ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಕೊಡಚಾದ್ರಿಯ ಜೀಪ್ ದಾರಿ, ಹೊನ್ನೆಮರಡು ಹಿನ್ನೀರಿನ ದಡ, ಕುಂದಾದ್ರಿ, ಆಗುಂಬೆಯ ಸೂರ್ಯಾಸ್ತದ ಕಟ್ಟೆ. ವಾರಾಂತ್ಯ ಬಂತೆಂದರೆ ಈ ಜಾಗಗಳಲ್ಲೆಲ್ಲ ಮೊದಲು ಕಿವಿಗೆ ಬೀಳುವುದು ಜೀಪಿನ ಹಿಂಬದಿಯಲ್ಲಿ ಕೂರಿಸಿದ ಸೌಂಡ್ ಬಾಕ್ಸ್. ಇದನ್ನು ನಿಲ್ಲಿಸಲು ಹೊಸ ಕಾನೂನು ಬೇಕಿಲ್ಲ. ತಮ್ಮ ಸಹಿ ಇರುವ ಒಂದು ಆದೇಶ, ಘಾಟಿಯ ಬುಡದಲ್ಲಿ ಒಂದು ತಪಾಸಣೆಯ ಮೇಜು, ಇವೆರಡರಿಂದ ಕೆಲಸ ಆಗುತ್ತದೆ. ಹೇಗೆಂದು ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ಆ ಪೆಟ್ಟಿಗೆಯ ವಿಷಯ. ಮುಚ್ಚಿದ ಕಾರಿನಲ್ಲಿ ಗಾಜು ಏರಿಸಿದರೆ ಹಾಡು ಬಹುಪಾಲು ಒಳಗೇ ಉಳಿಯುತ್ತದೆ. ಟಾಪ್ ಬಿಚ್ಚಿದ ಜೀಪಿಗೆ ಗೋಡೆಯೇ ಇಲ್ಲ. ಇಂಜಿನ್ನಿನ ಸದ್ದು, ಜಲ್ಲಿಕಲ್ಲಿನ ಕರಕರ, ಬೀಸುವ ಗಾಳಿ, ಇಷ್ಟನ್ನೂ ಮೀರಿ ಹಾಡು ಕೇಳಬೇಕೆಂದು ವಾಲ್ಯೂಮ್ ಏರಿಸುತ್ತಾರೆ. ತೆರೆದ ಗಾಡಿಯಲ್ಲಿ ಬೇಸ್ (ಮಂದ್ರ ಸ್ವರ) ನಿಲ್ಲುವುದಿಲ್ಲವೆಂದು ಅದಕ್ಕೆಂದೇ ಇರುವ 12 ಇಂಚಿನ ಸ್ಪೀಕರ್, ಅಂದರೆ ಸಬ್‌ವೂಫರ್, ಅದಕ್ಕೊಂದು ಪ್ರತ್ಯೇಕ ಆಂಪ್ಲಿಫೈಯರ್ ಬರುತ್ತದೆ. ಕಿವಿಗೆ ಎರಡು ಪಟ್ಟು ಜೋರು ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಷ್ಟು ಏರಲು ಹತ್ತು ಪಟ್ಟು ವಿದ್ಯುತ್ ಬೇಕು. 50 ವಾಟ್‌ನ ಸ್ಟೀರಿಯೊ ಇದ್ದಲ್ಲಿ 500 ವಾಟ್‌ನದು ಬಂದು ಕೂರುವುದು ಹೀಗೆ.

ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ ಇದೆ ಎಂದಿಟ್ಟುಕೊಳ್ಳಿ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ 6 ಡೆಸಿಬೆಲ್ ಇಳಿಯುತ್ತದೆ. 32 ಮೀಟರಿಗೆ 70, 128 ಮೀಟರಿಗೆ 58, ಅರ್ಧ ಕಿಲೋಮೀಟರ್ ದಾಟಿದ ಮೇಲೂ 46. ವಸತಿ ಪ್ರದೇಶದಲ್ಲಿ ರಾತ್ರಿ ಹೊತ್ತು ಕಾನೂನು ಒಪ್ಪುವುದು 45 ಮಾತ್ರ. ಕಾಡು ಸದ್ದನ್ನು ಹೀರಿಕೊಳ್ಳುತ್ತದೆ ಎನ್ನುವವರಿದ್ದಾರೆ. ಆ ಮಾತು ಅರ್ಧ ನಿಜ. ಎಲೆ, ಕೊಂಬೆ, ತರಗು ತಡೆಯುವುದು ತಾರಸ್ಥಾಯಿಯ ಸ್ವರಗಳನ್ನು. 50 ಹರ್ಟ್ಸ್ ಬೇಸಿನ ಒಂದು ಅಲೆಯ ಉದ್ದ ಸುಮಾರು 7 ಮೀಟರ್. ಎಂಥ ದಪ್ಪ ಮರವನ್ನೂ ಅದು ಬಳಸಿಕೊಂಡು ಮುಂದೆ ಹೋಗುತ್ತದೆ. ಕೆಳಗಿನ ಊರಿನವರಿಗೆ ಹಾಡು ಕೇಳದೆ ಬರೀ ಗುದ್ದು ಕೇಳುವುದು ಇದರಿಂದಲೇ. ಸಂಜೆಯ ಹೊತ್ತಿಗೆ ಕಣಿವೆಯಲ್ಲಿ ತಂಪು ಗಾಳಿ ಕೆಳಗೆ ಕೂತು ಬೆಚ್ಚನೆಯದು ಮೇಲೆ ನಿಂತಾಗ ಸದ್ದು ಆಕಾಶಕ್ಕೆ ಹೋಗದೆ ಮತ್ತೆ ನೆಲಕ್ಕೆ ಬಾಗುತ್ತದೆ. ಹಿನ್ನೀರಿನ ಮೇಲಂತೂ ತಡೆಯಲು ಗಿಡವೂ ಇಲ್ಲ, ಗುಡ್ಡವೂ ಇಲ್ಲ. ಆಚೆ ದಡದ ಮನೆಯವರು ಈಚೆ ದಡದ ಹಾಡಿಗೆ ಎಚ್ಚರವಿರಬೇಕಾಗುತ್ತದೆ.

ಸುರಕ್ಷತೆಯ ಮಾತಿಗೆ ಬರೋಣ, ಏಕೆಂದರೆ ಆದೇಶಕ್ಕೆ ಗಟ್ಟಿ ಆಧಾರ ಇಲ್ಲೇ ಇದೆ. ಕಟ್ಟಿನಹೊಳೆಯಿಂದ ಮೇಲಕ್ಕೆ ಕೊಡಚಾದ್ರಿಯ ಕಚ್ಚಾ ದಾರಿಯಲ್ಲಿ ಎದುರು ಜೀಪ್ ಬಂದರೆ ಒಬ್ಬರು ಅಗಲದ ಜಾಗ ನೋಡಿ ನಿಲ್ಲಲೇಬೇಕು. ಮಂಜು ಮುಸುಕಿದ ತಿರುವಿನಲ್ಲಿ ಎದುರಿನ ಗಾಡಿ ಕಣ್ಣಿಗೆ ಬೀಳುವ ಮೊದಲು ಅದರ ಇಂಜಿನ್ ಕಿವಿಗೆ ಬೀಳುತ್ತದೆ. ಅನುಭವಿ ಚಾಲಕರು ತಿರುವಿಗೆ ಮುಂಚೆ ಒಂದು ಸಣ್ಣ ಹಾರ್ನ್ ಕೊಟ್ಟು, ಆಕ್ಸಿಲರೇಟರ್ ಸಡಿಲಿಸಿ, ಉತ್ತರಕ್ಕೆ ಕಾಯುತ್ತಾರೆ. ಲೋ ಗೇರಿನಲ್ಲಿ ಏರುವಾಗ ಚಕ್ರ ಹಿಡಿತ ತಪ್ಪಿ ಸುತ್ತುವ ಸದ್ದು, ಡಿಫರೆನ್ಷಿಯಲ್ ಕಲ್ಲಿಗೆ ತಾಗುವ ಸದ್ದು, ಟೈರಿನ ಗಾಳಿ ಸೋರುವ ಸದ್ದು, ಬ್ರೇಕ್ ಉಜ್ಜುವ ಸದ್ದು, ಎಲ್ಲವೂ ಕಿವಿಗೇ ಬರಬೇಕು. ಹಿಂದೆ ಸಬ್‌ವೂಫರ್ ಬಡಿಯುತ್ತಿದ್ದರೆ ಇದರಲ್ಲಿ ಒಂದೂ ಬರುವುದಿಲ್ಲ. ಜೊತೆಗೆ ಆ ಪೆಟ್ಟಿಗೆಯನ್ನು ಎಷ್ಟೋ ಸಲ ಬರೀ ರಬ್ಬರ್ ಹಗ್ಗದಲ್ಲಿ ಬಿಗಿದಿರುತ್ತಾರೆ. ಕಡಿದಾದ ಏರಿನಲ್ಲಿ ಅದು ಜಾರಿದರೆ ನೇರ ಬಂದು ಬೀಳುವುದು ಹಿಂಬದಿ ಕೂತವರ ಕಾಲ ಮೇಲೆ.

ವೈರಿಂಗ್ ಇನ್ನೂ ಅಪಾಯದ್ದು. 500 ವಾಟ್ ಆಂಪ್ಲಿಫೈಯರ್ ಪೂರ್ತಿ ಜೋರಿನಲ್ಲಿದ್ದಾಗ 12 ವೋಲ್ಟ್ ಬ್ಯಾಟರಿಯಿಂದ 40 ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ. ಅದಕ್ಕೆ ದಪ್ಪ ತಾಮ್ರದ ತಂತಿ, ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಬೇಕು. ಅಗ್ಗಕ್ಕೆ ಮಾಡಿಸಿದಲ್ಲಿ ತಂತಿ ಸಪೂರ, ಫ್ಯೂಸ್ ಇರುವುದಿಲ್ಲ. ಕುಲುಕಾಟಕ್ಕೆ ತಂತಿ ಬಾಡಿಯ ತಗಡಿಗೆ ಉಜ್ಜಿ ಹೊದಿಕೆ ಹರಿದರೆ ಶಾರ್ಟ್ ಆಗಿ ಹೊತ್ತಿಕೊಳ್ಳುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಗುಡ್ಡದ ನೆತ್ತಿಯ ಹುಲ್ಲು ಒಣಗಿ ನಿಂತಿರುವಾಗ ಒಂದು ಗಾಡಿಗೆ ಹತ್ತಿದ ಬೆಂಕಿ ಆ ಗಾಡಿಯಲ್ಲೇ ಮುಗಿಯುವುದಿಲ್ಲ. ನೆತ್ತಿಯಲ್ಲಿ ಇಂಜಿನ್ ಆರಿಸಿ ಒಂದು ಗಂಟೆ ಹಾಡು ಹಾಕಿದರೆ ಬ್ಯಾಟರಿ ಇಳಿದು ಗಾಡಿ ಸ್ಟಾರ್ಟ್ ಆಗದು. ಅದಕ್ಕೇ ಅಲ್ಲಿ ಇಂಜಿನ್ ಓಡಿಸುತ್ತಲೇ ನಿಲ್ಲಿಸಿರುತ್ತಾರೆ. ಹಾಡಿನ ಜೊತೆ ಡೀಸೆಲ್ ಹೊಗೆಯೂ ಸೇರುತ್ತದೆ.

ಇಷ್ಟರ ನಡುವೆ ಕೇಳದೆ ಹೋಗುವುದು ಏನು? ಜನವರಿಯಿಂದ ಬೇಸಿಗೆಯವರೆಗೆ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳ ಗೂಡಿನ ಕಾಲ. ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿಗೆ ಗಾರೆ ಮೆತ್ತಿಕೊಳ್ಳುತ್ತದೆ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟು. ವಾರಗಟ್ಟಲೆ ಅದರ ಹೊಟ್ಟೆ, ಆಮೇಲೆ ಮರಿಯ ಹೊಟ್ಟೆ, ಎರಡೂ ಗಂಡು ತರುವ ಹಣ್ಣಿನ ಮೇಲೆ. ಗೂಡಿನ ಬುಡದಲ್ಲಿ ಗದ್ದಲವಾದರೆ ಗಂಡು ಹತ್ತಿರ ಬರಲು ಅಂಜಿ ದೂರದ ಕೊಂಬೆಯಲ್ಲೇ ಕೂರುತ್ತದೆ. ಅಷ್ಟು ಹೊತ್ತು ಒಳಗಿನವಕ್ಕೆ ಉಪವಾಸ. ಪ್ರವಾಸಿಗರ ದಟ್ಟಣೆ ಹೆಚ್ಚುವುದೂ ಅದೇ ಬೇಸಿಗೆ ರಜೆಯಲ್ಲಿ. ದೊಡ್ಡ ಮಂಗಟ್ಟೆ ತಲೆಯ ಮೇಲೆ ಹಾದುಹೋಗುವಾಗ ರೆಕ್ಕೆಯ ಬೀಸು ಉಸಿರೆಳೆದು ಬಿಟ್ಟಂತೆ ದೂರದಿಂದಲೇ ಕೇಳುತ್ತದೆ. ಹಕ್ಕಿ ಕಾಣದಿದ್ದರೂ ಬಂದದ್ದು ಗೊತ್ತಾಗುತ್ತದೆ. ಬಂದ ಪ್ರವಾಸಿಗರಿಗೂ ಇದನ್ನು ಕೇಳುವ ಹಕ್ಕಿದೆ ಎನ್ನುವುದನ್ನು ಹಾಡು ಹಾಕುವವರು ಮರೆಯುತ್ತಾರೆ.

ಮಳೆಗಾಲದಲ್ಲಿ ಕಪ್ಪೆಗಳ ಸರದಿ. ಶರಾವತಿ ಕಣಿವೆಯ ಕುಂಬಾರ ಕಪ್ಪೆ ವಿಜ್ಞಾನದ ಪಟ್ಟಿಗೆ ಸೇರಿದ್ದು 2014ರಲ್ಲಿ. ಮೊಟ್ಟೆಗೆ ಗಂಡು ಮುಂಗಾಲಿನಿಂದ ಕೆಸರು ಮೆತ್ತುವುದರಿಂದ ಆ ಹೆಸರು. ಕಪ್ಪೆಗಳಲ್ಲಿ ಗಂಡಿನ ಕೂಗು ಕೇಳಿಯೇ ಹೆಣ್ಣು ಹುಡುಕಿಕೊಂಡು ಬರಬೇಕು. ಹಾಡಿನ ಮಧ್ಯಸ್ಥಾಯಿ ಎಷ್ಟೋ ಕಪ್ಪೆಗಳ ಕೂಗಿನ ಮೇಲೆಯೇ ಬಂದು ಬೀಳುತ್ತದೆ, ದಾರಿ ಪಕ್ಕದ ಹಳ್ಳಗಳಲ್ಲಿ ಅದನ್ನು ಮುಚ್ಚಿಹಾಕುತ್ತದೆ. ಇನ್ನು ಮನುಷ್ಯರ ಪಾಡು. ಗದ್ದೆ ತೋಟದ ಕಾವಲು ಕೂತವರಿಗೆ ಕಾಟಿ (ಕಾಡುಕೋಣ) ಬೇಲಿ ಮುರಿದದ್ದು, ಹಂದಿ ಗದ್ದೆಗೆ ಇಳಿದದ್ದು ಕಣ್ಣಿಗಿಂತ ಮೊದಲು ಕಿವಿಗೇ ತಿಳಿಯಬೇಕು. ಬೆಟ್ಟದ ಮೇಲಿನ ಗುದ್ದು ಆ ಕಿವಿಯನ್ನು ಕಟ್ಟಿಹಾಕುತ್ತದೆ.

ಈಗ ಕಾನೂನು. 2000ನೇ ಇಸವಿಯ ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳಲ್ಲಿ ‘ಪ್ರಾಧಿಕಾರ’ ಎಂದರೆ ಜಿಲ್ಲಾ ದಂಡಾಧಿಕಾರಿಯೂ ಸೇರಿದ್ದಾರೆ, ಅಂದರೆ ತಾವು. 5ನೇ ನಿಯಮದಂತೆ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಬಳಸುವಂತೆಯೇ ಇಲ್ಲ. 8ನೇ ನಿಯಮದಂತೆ, ಪೊಲೀಸ್ ವರದಿ ಅಥವಾ ಬೇರೆ ಮಾಹಿತಿಯಿಂದ ಜನರಿಗೆ ತೊಂದರೆಯಾಗುತ್ತಿದೆ ಎಂದು ಮನವರಿಕೆಯಾದರೆ, ಸಂಗೀತವನ್ನೂ ಧ್ವನಿವರ್ಧಕವನ್ನೂ ತಡೆದು ತಾವು ಲಿಖಿತ ಆದೇಶ ಹೊರಡಿಸಬಹುದು. ಈ ನಿಯಮ ಹೇಳುವುದು ಜನರ ತೊಂದರೆಯನ್ನು, ಪ್ರಾಣಿಗಳದ್ದನ್ನಲ್ಲ. ಆದ್ದರಿಂದ ಆದೇಶದ ಪೀಠಿಕೆಯಲ್ಲಿ ಬುಡದ ಊರುಗಳ ನಿದ್ದೆ, ಬೆಳೆ ಕಾವಲು, ಕುರುಡು ತಿರುವಿನ ಅಪಾಯ ಮುಂದೆ ಬರಲಿ. ವನ್ಯಜೀವಿಗಳ ಪಾಲಿಗೆ 1972ರ ಕಾಯ್ದೆ ಬೇರೆ ಇದೆ. ಅಭಯಾರಣ್ಯದ ಪ್ರವೇಶ ಪರವಾನಗಿಗೆ ಅರಣ್ಯ ಇಲಾಖೆ ಷರತ್ತು ಹಾಕಬಹುದು, ಟಿಕೆಟ್ಟಿನ ಹಿಂಬದಿಯಲ್ಲೇ ಅಚ್ಚು ಹಾಕಿಸಿದರಾಯಿತು.

ಮೌನವಲಯದ ಘೋಷಣೆ ಎರಡನೇ ಹೆಜ್ಜೆ. ಅದರ ಲಾಭ ದೊಡ್ಡದು. ಬೇರೆ ಕಡೆ ಡೆಸಿಬೆಲ್ ಮೀರಿದೆ ಎಂದು ಅಳೆದು ತೋರಿಸಬೇಕು. ಮೌನವಲಯದಲ್ಲಿ 6ನೇ ನಿಯಮದ ಪ್ರಕಾರ ಸಂಗೀತ ಹಾಕುವುದೇ, ಆಂಪ್ಲಿಫೈಯರ್ ಬಳಸುವುದೇ ತಪ್ಪು, ಮೀಟರಿನ ಹಂಗಿಲ್ಲ. ಆದರೆ 2017ರ ತಿದ್ದುಪಡಿಯ ನಂತರ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸದೆ ಯಾವ ಜಾಗವೂ ಮೌನವಲಯ ಆಗುವುದಿಲ್ಲ. ಹಾಗಾಗಿ ತಾವು 8ನೇ ನಿಯಮದ ಆದೇಶವನ್ನು ಈಗಲೇ ಹೊರಡಿಸಿ, ಪ್ರಸ್ತಾವನೆಯನ್ನು ಸರ್ಕಾರಕ್ಕೆ ಕಳಿಸಬೇಕೆಂದು ಕೋರುತ್ತೇವೆ. ಪ್ರಸ್ತಾವನೆಯಲ್ಲಿ ರಸ್ತೆಯ ಹೆಸರು, ಆರಂಭ ಮತ್ತು ಕೊನೆಯ ಜಾಗ, ಸರ್ವೆ ನಂಬರ್, ನಕ್ಷೆ ಇರಲಿ. ದೇವಸ್ಥಾನದ ಆವರಣದ ಪೂಜೆ, ಗಂಟೆ, ವಾದ್ಯ, ಊರಿನ ಜಾತ್ರೆ, ಅನುಮತಿ ಪಡೆದ ಯಕ್ಷಗಾನ ಇವು ಹೊರಗಿವೆ ಎಂದು ಸ್ಪಷ್ಟವಾಗಿ ಬರೆಯಿಸಿ. ಇಲ್ಲದಿದ್ದರೆ ವಿರೋಧ ಹುಟ್ಟುವುದು ಅಲ್ಲಿಂದಲೇ, ಮತ್ತು ಆ ವಿರೋಧ ನ್ಯಾಯವಾದದ್ದೇ.

ಬುಡದ ಮೇಜಿನ ಕೆಲಸ ಹೀಗೆ ನಡೆಯಲಿ. ಆಂಪ್ಲಿಫೈಯರ್ ಇರುವ ಗಾಡಿಯಲ್ಲಿ ಬ್ಯಾಟರಿಯ ಪ್ಲಸ್ ಕಡೆಯಿಂದ ಒಂದು ದಪ್ಪ ವೈರ್ ಹಿಂದಕ್ಕೆ ಹೋಗುತ್ತದೆ. ಬ್ಯಾಟರಿಯಿಂದ ಒಂದೆರಡು ಗೇಣು ದೂರದಲ್ಲಿ ಫ್ಯೂಸ್ ಹೋಲ್ಡರ್ ಸಿಗುತ್ತದೆ. ಫ್ಯೂಸ್ ತೆಗೆದು ಚಾಲಕನ ಕೈಗೇ ಕೊಡಿ, ಖಾಲಿ ಹೋಲ್ಡರಿಗೆ ನಂಬರ್ ಇರುವ ಪ್ಲಾಸ್ಟಿಕ್ ಸೀಲ್ ಹಾಕಿ, ಗಾಡಿ ನಂಬರಿನ ಜೊತೆ ಪುಸ್ತಕದಲ್ಲಿ ಬರೆದುಕೊಳ್ಳಿ. ಎರಡು ನಿಮಿಷದ ಕೆಲಸ. ಬರೀ ಫ್ಯೂಸ್ ತೆಗೆದು ಸೀಲ್ ಹಾಕದಿದ್ದರೆ ಮೊದಲ ತಿರುವಿನಲ್ಲೇ ಇನ್ನೊಂದು ಫ್ಯೂಸ್ ಬಂದು ಕೂರುತ್ತದೆ. ಇಳಿದು ಬರುವಾಗ ಸೀಲ್ ಮುರಿದಿದ್ದರೆ ದಂಡ. ಫ್ಯೂಸ್ ಹೋಲ್ಡರೇ ಇಲ್ಲದ ವೈರಿಂಗ್ ಇದ್ದರೆ ಬೆಂಕಿಯ ಅಪಾಯವೆಂದು ಅಂಥ ಗಾಡಿಯನ್ನು ಬಿಡಲೇಬಾರದು. ಬ್ಲೂಟೂತ್ ಸ್ಪೀಕರ್‌ಗಳನ್ನು ದೇವಸ್ಥಾನದ ಹೊರಗೆ ಚಪ್ಪಲಿಗೆ ಟೋಕನ್ ಕೊಡುವ ಹಾಗೆ ಟೋಕನ್ ಕೊಟ್ಟು ಇಟ್ಟುಕೊಳ್ಳಬಹುದು. ಸೀಟಿನ ಅಡಿ ಮತ್ತು ಸ್ಟೆಪ್ನಿಯ ಹಿಂದೆ ನೋಡುವುದನ್ನು ಸಿಬ್ಬಂದಿಗೆ ಹೇಳಿಕೊಡಬೇಕು, ಹೆಚ್ಚಾಗಿ ಇರುವುದು ಅಲ್ಲೇ.

ಹೋಮ್‌ಸ್ಟೇಗಳ ಡಿಜೆ, ರಸ್ತೆ ಬದಿಯ ಪಾರ್ಟಿಗಳಿಗೆ ಮೀಟರ್ ಬೇಕೇ ಬೇಕು. ದೂರು ಬಿದ್ದುಹೋಗುವುದು ಬಹುಪಾಲು ಅಳತೆಯ ದೋಷದಿಂದ. ಮೊಬೈಲ್ ಆ್ಯಪಿನ ಅಂಕಿ ನಿಲ್ಲುವುದಿಲ್ಲ. ಕ್ಲಾಸ್ 2 ದರ್ಜೆಯ ಸೌಂಡ್ ಲೆವೆಲ್ ಮೀಟರ್, ಅದರ ಜೊತೆ ಮೀಟರ್ ಸರಿ ತೋರಿಸುತ್ತಿದೆಯೇ ಎಂದು ಪರೀಕ್ಷಿಸುವ 94 ಡೆಸಿಬೆಲ್‌ನ ಕ್ಯಾಲಿಬ್ರೇಟರ್ ಕೊಳ್ಳಿ. ಅಳೆಯುವ ಮೊದಲೂ ಆಮೇಲೂ ಕ್ಯಾಲಿಬ್ರೇಟ್ ಮಾಡಿ ಬರೆದಿಡಬೇಕು. ಮೀಟರ್ ನೆಲದಿಂದ 1.2ರಿಂದ 1.5 ಮೀಟರ್ ಎತ್ತರದಲ್ಲಿ, ಗೋಡೆಯಿಂದ ದೂರದಲ್ಲಿ, ಮೈಕಿಗೆ ಸ್ಪಂಜಿನ ಟೋಪಿ ಹಾಕಿ ಇರಲಿ. ಹಾಡು ನಿಂತಾಗಿನ ಸದ್ದನ್ನೂ ಅಳೆಯಲೇಬೇಕು. ನಮ್ಮ ಕಡೆ ಜೀರುಂಡೆಯೂ ಮಳೆಯೂ ಮೀಟರನ್ನು ಚೆನ್ನಾಗಿಯೇ ಏರಿಸುತ್ತವೆ. ಹಾಡು ಇದ್ದಾಗ, ಇಲ್ಲದಾಗ ಎರಡರ ನಡುವೆ 10 ಡೆಸಿಬೆಲ್ ಅಂತರವಿದ್ದರೆ ತಕರಾರಿಲ್ಲ, 3ಕ್ಕಿಂತ ಕಡಿಮೆ ಇದ್ದರೆ ಆ ಅಳತೆಯೇ ವ್ಯರ್ಥ. ಕಾನೂನಿನ ಮಿತಿ ಮೀಟರಿನ ಎ-ವೇಟಿಂಗ್ ಎಂಬ ಅಳತೆಯ ಕ್ರಮದಲ್ಲಿದೆ, ಅದು ಬೇಸನ್ನು ಬಹಳ ಕಡಿಮೆ ತೋರಿಸುತ್ತದೆ. ಹಾಗಾಗಿ ಬೇಸನ್ನು ಅಷ್ಟು ಕಡಿಮೆ ಮಾಡದ ಸಿ-ವೇಟಿಂಗಿನ ಅಂಕಿಯನ್ನೂ ಪಕ್ಕದಲ್ಲಿ ಬರೆದರೆ ಸಬ್‌ವೂಫರಿನ ಪಾಲು ಎಷ್ಟೆಂದು ಕಣ್ಣಿಗೆ ಕಾಣುತ್ತದೆ.

ಬಾಡಿಗೆ ಜೀಪುಗಳ ಚಾಲಕರ ಮೇಲೆ ಇದೆಲ್ಲ ಬೀಳುವುದು ಬೇಡ. ಹಾಡು ಹಾಕಿ ಎಂದು ಒತ್ತಾಯಿಸುವುದು ಹೆಚ್ಚಾಗಿ ಹಿಂದೆ ಕೂತವರು. ಒಬ್ಬ ಚಾಲಕ ಒಲ್ಲೆ ಎಂದರೆ ಅವರು ಪಕ್ಕದ ಜೀಪ್ ಹತ್ತುತ್ತಾರೆ. ಎಲ್ಲ ಗಾಡಿಗೂ ಒಂದೇ ನಿಯಮವಾದರೆ ಈ ಪೈಪೋಟಿ ತಾನಾಗಿ ನಿಲ್ಲುತ್ತದೆ. ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಅಧ್ಯಕ್ಷರೂ ತಾವೇ ಆಗಿರುವುದರಿಂದ ಹಳದಿ ಬೋರ್ಡಿನ ಜೀಪುಗಳ ಪರ್ಮಿಟ್ಟಿಗೆ ಈ ಷರತ್ತು ಸೇರಿಸಬಹುದು. ಬಿಳಿ ಬೋರ್ಡಿನಲ್ಲಿ ಸಾಲುಗಟ್ಟಿ ಬರುವ ಫೋರ್ ಬೈ ಫೋರ್ ಗಾಡಿಗಳಿಗೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮು ಇದೆ. ಶಬ್ದದ ಮಾನದಂಡ ಮೀರಿದರೆ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ, ಮೇಲಾಗಿ ಮೂರು ತಿಂಗಳು ಲೈಸೆನ್ಸ್ ಅನರ್ಹ. ಸೈಲೆನ್ಸರ್ ಕತ್ತರಿಸಿದ ಗಾಡಿಗಳೂ ರಾಗದ ಹಾರ್ನಿನವೂ ಇದೇ ಮೇಜಿನಲ್ಲಿ ಸಿಕ್ಕಿಬೀಳುತ್ತವೆ.

ಕೊನೆಯದಾಗಿ ಗಡಿಯ ಸಮಸ್ಯೆ. ಕೊಡಚಾದ್ರಿ ಇರುವುದು ಹೊಸನಗರ ತಾಲ್ಲೂಕಿನಲ್ಲಿ, ಬಹಳಷ್ಟು ಜೀಪುಗಳು ಹೊರಡುವುದು ಉಡುಪಿ ಜಿಲ್ಲೆಯ ಕೊಲ್ಲೂರಿನಿಂದ. ನಿಟ್ಟೂರಿನ ಕಡೆ ನಮ್ಮ ಜಿಲ್ಲೆಯ ಕೆಎ 14, ಕೆಎ 15ರ ಗಾಡಿಗಳನ್ನು ತಡೆದು ಉಡುಪಿಯ ಕೆಎ 20ರವಕ್ಕೆ ಆದೇಶವೇ ತಲುಪದಿದ್ದರೆ ಒಂದೇ ವಾರದಲ್ಲಿ ಜಗಳ ಶುರುವಾಗುತ್ತದೆ. ಉಡುಪಿಯ ಜಿಲ್ಲಾಧಿಕಾರಿಗಳು, ಎರಡೂ ಜಿಲ್ಲೆಗಳ ಸಾರಿಗೆ ಅಧಿಕಾರಿಗಳು, ವನ್ಯಜೀವಿ ವಿಭಾಗ, ಜೀಪ್ ಚಾಲಕರ ಪ್ರತಿನಿಧಿಗಳು, ಬುಡದ ಗ್ರಾಮ ಪಂಚಾಯಿತಿಗಳು, ಇಷ್ಟು ಜನರನ್ನು ಒಂದೇ ಸಭೆಗೆ ಕರೆಯಿರಿ. ಎರಡು ಜಿಲ್ಲೆಗಳ ಆದೇಶ ಒಂದೇ ದಿನ ಜಾರಿಯಾಗಲಿ, ಡಿಸೆಂಬರ್ ರಜೆಯ ದಟ್ಟಣೆಗೆ ಮುಂಚೆಯೇ. ಸಭೆಗೆ ಬೇಕಾದ ತಿರುವುಗಳ ನಕ್ಷೆ, ತಪಾಸಣೆಯ ನಮೂನೆ, ಫಲಕದ ಬರಹ ಇವನ್ನು ತಯಾರಿಸಿಕೊಡಲು ನಾವು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಹೊಸನಗರ, ಸಾಗರ, ತೀರ್ಥಹಳ್ಳಿ ತಾಲ್ಲೂಕುಗಳ ಕೆಲವು ಜೀಪ್ ಚಾಲಕರು, ಮೆಕ್ಯಾನಿಕ್‌ಗಳು ಮತ್ತು ಕೃಷಿಕರು