ಸೂರಿನ ದೋಣಿಗೆ ಜಾಲರಿ: ಶನಿವಾರದೊಳಗೆ ತಿಳಿಸಿ

ಎಲ್ಲರಿಗೂ ನಮಸ್ಕಾರ. ಮೃಗಶಿರಾ ಮಳೆ ಶುರುವಾಗುವ ಮೊದಲು, ವಿದ್ಯಾನಗರದ ನಮ್ಮ ಸಾಲಿನ ಶೀಟ್ ಮನೆಯವರು ಸೂರಿನ ಅಂಚಲ್ಲಿ ಮಳೆನೀರು ಹರಿದುಹೋಗುವ ದೋಣಿಗೆ ಎಲೆ ತಡೆಯುವ ಜಾಲರಿ ಹಾಕಿಸಿಕೊಳ್ಳಿ. ಹೋದ ವರ್ಷ ನಮ್ಮ ದೋಣಿಯಲ್ಲಿ ಒಂದು ಬಕೆಟ್ ಬೇವಿನೆಲೆ ಸಿಕ್ಕಿತು. ಅಡಿಯ ಕಪ್ಪು ಕೆಸರಲ್ಲಿ ಬೇವಿನ ಸಸಿಯೇ ಹುಟ್ಟಿತ್ತು! ನೀರು ಗೋಡೆಗಿಳಿದು ಬಣ್ಣ ಉಬ್ಬಿತ್ತು.

ಪ್ಲಾಸ್ಟಿಕ್ ಜಾಲರಿ ಅಗ್ಗ, ಆದರೆ ದಾವಣಗೆರೆ ಬಿಸಿಲಿಗೆ ಬೇಗ ಸೀಳುತ್ತದೆ. ಸ್ಟೀಲಿನದೇ ವಾಸಿ. ಕಣ್ಣು ದೊಡ್ಡದಿದ್ದರೆ ಹೊಂಗೆ ಎಲೆ ನಿಲ್ಲುತ್ತದೆ, ಬೇವಿನೆಲೆ ನುಸುಳುತ್ತದೆ. ಬೇವಿನ ಮರದ ಪಕ್ಕದವರು ಸಣ್ಣ ಕಣ್ಣಿನದು ತಗೊಳ್ಳಿ. ಸ್ವಲ್ಪ ಇಳಿಜಾರಾಗಿ ಕೂರಿಸಿದರೆ ಎಲೆ ಜಾರಿ ಬೀಳುತ್ತದೆ. ಮೊದಲು ದೋಣಿ ತೊಳೆಸಿ. ಜಾಲರಿ ಇದ್ದರೂ ಆಗಾಗ ಗುಡಿಸಲೇಬೇಕು.

ಎಷ್ಟು ಅಡಿ ಬೇಕು ಅಂತ ಶನಿವಾರ ಸಂಜೆಯೊಳಗೆ ಇಲ್ಲೇ ಬರೆಯಿರಿ, ಒಟ್ಟಿಗೆ ತರೋಣ. ಭಾನುವಾರ ಬೆಳಿಗ್ಗೆ 8ಕ್ಕೆ ಕೆಲಸ. ವಯಸ್ಸಾದವರು ದಯವಿಟ್ಟು ಏಣಿ ಹತ್ತಬೇಡಿ, ನಾವೇ ಬರುತ್ತೇವೆ.