ಹೊಗೆಯಿಲ್ಲದ ಪರಿಮಳ: ಶಿರಸಿಯ ಗೆಳೆಯನಿಗೊಂದು ಪತ್ರ

ಮ್ಯಾಡಿಸನ್, ವಿಸ್ಕಾನ್ಸಿನ್
ಡಿಸೆಂಬರ್ 14

ಪ್ರೀತಿಯ ಮಂಜು,

ಮೊನ್ನೆ ನಾನು ಕಳಿಸಿದ ಫೋಟೊ ನೋಡಿ, "ಅದೆಂಥ ಕಷಾಯ ಮಾರಾಯಾ, ಯಾರಿಗೆ ಹುಷಾರಿಲ್ಲ?" ಅಂತ ಕೇಳಿದೆಯಲ್ಲ. ಎಲ್ಲರೂ ಆರಾಮಾಗಿದ್ದೇವೆ. ಅದು ಕುಡಿಯುವ ಕಷಾಯವಲ್ಲ, ಮನೆ ಘಮಘಮಿಸಲಿ ಎಂದು ಒಲೆಯ ಮೇಲಿಟ್ಟ ನೀರು. ಕಿತ್ತಳೆ, ಚಕ್ಕೆ, ಲವಂಗ, ಒಂದಿಷ್ಟು ಸೊಪ್ಪು ಹಾಕಿ ಸಣ್ಣ ಉರಿಯಲ್ಲಿ ಬಿಟ್ಟರೆ ಹಬೆಯ ಜೊತೆ ಪರಿಮಳ ಏಳುತ್ತದೆ. ಇಲ್ಲಿಯವರು ಸಿಮ್ಮರ್ ಪಾಟ್ ಅನ್ನುತ್ತಾರೆ, ಪೋಪುರಿ ಅನ್ನುವವರೂ ಇದ್ದಾರೆ. ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿಯಿತೆಂದರೆ ಕ್ರಿಸ್‌ಮಸ್ ದಾಟಿ ಹೊಸ ವರ್ಷದವರೆಗೂ ಇದರ ಕಾಲ. ಫೋನಿನಲ್ಲಿ ಎರಡು ಮಾತಿಗೆ ಮುಗಿಸಬಹುದಿತ್ತು. ಆದರೆ ನೀನು ಹೋಮ್‌ಸ್ಟೇ ಶುರು ಮಾಡಿದ್ದೀಯ, ಡಿಸೆಂಬರ್ ಕೊನೆಗೆ ನೆಂಟರಂತೆ ಜನ ಬರುತ್ತಾರೆ. ಸರಿಯಾಗಿ ಹೇಳಿದರೆ ನಿನಗೂ ಉಪಯೋಗವಾದೀತು ಎಂದು ಕೂತು ಬರೆಯುತ್ತಿದ್ದೇನೆ.

ನಮ್ಮ ಮನೆಗೆ ಇದು ಬಂದದ್ದು ಮಗಳ ಕಾರಣಕ್ಕೆ. ಅವಳಿಗೆ ಆಸ್ತಮಾ ಎಂದು ಗೊತ್ತಾದ ದಿನವೇ ಡಾಕ್ಟರ್ ಮನೆಯೊಳಗೆ ಯಾವ ಹೊಗೆಯೂ ಬೇಡ ಅಂದರು. ಊದುಬತ್ತಿ, ಧೂಪ, ಲೋಭಾನ ಎಲ್ಲ ಅಂದೇ ನಿಂತವು. ನಮ್ಮಜ್ಜ ಮುಸ್ಸಂಜೆ ಕೆಂಡದ ಮೇಲೆ ಲೋಭಾನ ಉದುರಿಸಿ ಕೋಣೆಕೋಣೆಗೂ ತೋರಿಸುತ್ತಿದ್ದದ್ದು ನಿನಗೆ ನೆನಪಿರಬೇಕು, ಆ ಹೊಗೆಯಲ್ಲೇ ಕೂತು ನಾವಿಬ್ಬರೂ ಮಗ್ಗಿ ಹೇಳಿದವರು. ದೇವರ ಮುಂದೆ ಬರೀ ದೀಪ ಹಚ್ಚಿ ಎದ್ದು ಬರುವಾಗ ನನಗೆ ಪೂಜೆ ಅರ್ಧಕ್ಕೇ ನಿಂತಂತೆ ಅನಿಸುತ್ತಿತ್ತು. ಇಲ್ಲಿನ ಚಳಿಗಾಲವನ್ನೂ ಸೇರಿಸಿ ನೋಡು. ಈ ತಿಂಗಳು ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ನವೆಂಬರಿನಿಂದ ಮಾರ್ಚ್‌ವರೆಗೆ ಕಿಟಕಿ ತೆಗೆಯುವ ಮಾತಿಲ್ಲ. ಹೀಟರಿನ ಬಿಸಿಗೆ ಗಾಳಿ ಒಣಗಿ ತುಟಿ ಒಡೆಯುತ್ತದೆ. ಒದ್ದೆ ಬೂಟು, ಉಣ್ಣೆ ಕೋಟು, ನಿನ್ನೆಯ ಒಗ್ಗರಣೆ, ಎಲ್ಲದರ ವಾಸನೆ ಒಳಗೇ ಸುತ್ತುತ್ತಿರುತ್ತದೆ.

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ನಮ್ಮ ಮಗಳನ್ನು ತುಂಬಾ ಹಚ್ಚಿಕೊಂಡಿದ್ದವರು. ಒಂದು ಡಿಸೆಂಬರಿನಲ್ಲಿ ಗಾಜಿನ ಭರಣಿಯೊಂದನ್ನು ತಂದು ಕೈಗಿಟ್ಟರು. ಒಳಗೆ ಒಣಗಿದ ಕಿತ್ತಳೆ ಬಿಲ್ಲೆಗಳು, ಚಕ್ಕೆ, ಲವಂಗ, ಅನಾನಸ್ ಮೊಗ್ಗು. "ನೀರಿಗೆ ಹಾಕಿ ಸಣ್ಣ ಉರಿಯಲ್ಲಿಡು, ಹೊಗೆ ಬರುವುದಿಲ್ಲ" ಅಂದರು. ಹೊಗೆ ಇಲ್ಲದಿದ್ದರೂ ಗಾಢವಾದ ವಾಸನೆಯೂ ಆಸ್ತಮಾ ಇರುವವರನ್ನು ಕೆರಳಿಸಬಹುದು. ಅದಕ್ಕೆ ಮೊದಲ ದಿನ ಡಾಕ್ಟರನ್ನು ಕೇಳಿಕೊಂಡು, ಹತ್ತೇ ನಿಮಿಷ ಇಟ್ಟು, ಮಗಳನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ ಅವಳ ಉಸಿರನ್ನೇ ಕೇಳುತ್ತ ನಿಂತಿದ್ದೆ. ಅವಳು ಕೆಮ್ಮಲಿಲ್ಲ. ಎದ್ದು ಬಂದು, "ಅಪ್ಪಾ, ಪಾಯಸ ಮಾಡ್ತಿದೀಯಾ?" ಅಂದಳು. ಈಗಲೂ ಅಂಗಡಿಯ ಸುಗಂಧದೆಣ್ಣೆಯ ಒಂದು ಹನಿಯನ್ನೂ ನಾನು ಹಾಕುವುದಿಲ್ಲ. ಸಿಪ್ಪೆ, ತೊಗಟೆ, ಮೊಗ್ಗು, ಎಲೆ, ಇಷ್ಟೇ.

ಈಗ ಮಾಡುವ ಬಗೆ. ದಪ್ಪ ತಳದ ಪಾತ್ರೆಯಲ್ಲಿ ಸುಮಾರು ಒಂದೂವರೆ ಲೀಟರ್ ನೀರು. ಎರಡು ಕಿತ್ತಳೆಯನ್ನು ಸಿಪ್ಪೆ ಸಮೇತ ಬಿಲ್ಲೆ ಮಾಡಿ ಹಾಕುತ್ತೇನೆ. ಮೂರು ಉದ್ದ ಚಕ್ಕೆ, ಒಂದು ದೊಡ್ಡ ಚಮಚ ಲವಂಗ, ಎರಡು ಅನಾನಸ್ ಮೊಗ್ಗು, ರೋಸ್‌ಮೆರಿ ಎಂಬ ಸೊಪ್ಪಿನ ಎರಡು ಕಡ್ಡಿ. ಒಂದು ಕುದಿ ಬಂದ ಕೂಡಲೇ ಉರಿಯನ್ನು ಪೂರ್ತಿ ತಗ್ಗಿಸಬೇಕು. ಕೊತಕೊತ ಕುದಿಸಿದರೆ ಹಣ್ಣು ಬೆಂದ ವಾಸನೆಯೇ ಮುಂದಾಗಿ ಕಹಿ ಹೊಡೆಯುತ್ತದೆ. ನೀರಿನ ಮೇಲೆ ಹಬೆ ಆಡುತ್ತಿರಬೇಕು, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳಬೇಕು, ಸಾಕು.

ಪರಿಮಳ ಒಟ್ಟಿಗೇ ಬರುವುದಿಲ್ಲ, ಸರದಿಯ ಮೇಲೆ ಬರುತ್ತದೆ. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಕಿತ್ತಳೆ ಸಿಪ್ಪೆಯ ಸಣ್ಣ ಸಣ್ಣ ಚೀಲಗಳಲ್ಲಿರುವ ಎಣ್ಣೆಯಲ್ಲಿ ಹೆಚ್ಚಿನ ಪಾಲು ಲಿಮೊನೀನ್. ಅದು ಬಲು ಹಗುರ, ಮೊದಲ ಕಾಲು ಗಂಟೆಯಲ್ಲೇ ಎದ್ದು ಹೊರಟುಬಿಡುತ್ತದೆ. ಅದರ ಹಿಂದೆ ಚಕ್ಕೆ ನಿಧಾನವಾಗಿ ಬರುತ್ತದೆ. ಯೂಜಿನಾಲ್ ಎಂಬ ಎಣ್ಣೆ ತುಂಬಿದ ಲವಂಗ ಬೇಗ ದಣಿಯುವುದಿಲ್ಲ, ಗಂಟೆಗಟ್ಟಲೆ ಇರುತ್ತದೆ. ಈ ಎಣ್ಣೆಗಳೆಲ್ಲ ತಾವಾಗಿ ಕುದಿಯಲು ನೂರು ಡಿಗ್ರಿಗಿಂತ ಎಷ್ಟೋ ಹೆಚ್ಚು ಬಿಸಿ ಬೇಕು, ಯೂಜಿನಾಲಿಗಂತೂ ಸುಮಾರು 254 ಡಿಗ್ರಿ. ಆದರೂ ನೀರಿನ ಹಬೆಯ ಬೆನ್ನೇರಿ ಮೊದಲೇ ಹೊರಬೀಳುತ್ತವೆ. ನೀಲಗಿರಿ ಎಣ್ಣೆ ಇಳಿಸುವ ಭಟ್ಟಿಯಲ್ಲಿ ನಡೆಯುವುದೂ ಇದೇ. ಅಲ್ಲಿ ಹಬೆಯನ್ನು ತಣಿಸಿ ಎಣ್ಣೆ ಹಿಡಿಯುತ್ತಾರೆ, ನಾವು ಅದನ್ನು ಮನೆಗೆ ಬಿಟ್ಟುಕೊಡುತ್ತೇವೆ. ಹಾಗಾಗಿ ಎಲ್ಲ ಸಿಪ್ಪೆಯನ್ನೂ ಮೊದಲೇ ಸುರಿಯಬೇಡ. ಒಂದು ಪಾಲು ತೆಗೆದಿಟ್ಟುಕೊಂಡು, ನೆಂಟರು ಬರುವ ಐದು ನಿಮಿಷ ಮುಂಚೆ ಹಾಕು. ಬಾಗಿಲಲ್ಲಿ ಅವರಿಗೆ ಕಿತ್ತಳೆಯೇ ಸಿಗುತ್ತದೆ.

ಫೋಟೊದಲ್ಲಿ ತೇಲುತ್ತಿದ್ದ ಕೆಂಪು ಕಾಯಿ ಯಾವುದು ಅಂದೆಯಲ್ಲ, ಅದು ಕ್ರ್ಯಾನ್‌ಬೆರಿ. ಅಮೆರಿಕದ ಬೆಳೆಯಲ್ಲಿ ಅರ್ಧಕ್ಕೂ ಹೆಚ್ಚು ನಮ್ಮ ಈ ರಾಜ್ಯದಲ್ಲೇ ಆಗುತ್ತದೆ, 2004ರಿಂದ ಇದು ರಾಜ್ಯದ ಹಣ್ಣೂ ಹೌದು. ಅಕ್ಟೋಬರಿನಲ್ಲಿ ಕೊಯ್ಲಿಗೆಂದು ಗದ್ದೆಗೆ ನೀರು ಕಟ್ಟುತ್ತಾರೆ. ಕಾಯಿಯೊಳಗೆ ಗಾಳಿ ತುಂಬಿದ ನಾಲ್ಕು ಗೂಡುಗಳಿವೆ. ಗಿಡದಿಂದ ಬಿಡಿಸಿದ ಕೂಡಲೇ ತೇಲಿ ಗದ್ದೆಯೆಲ್ಲ ಕುಂಕುಮ ಚೆಲ್ಲಿದ ಹಾಗೆ ಕಾಣುತ್ತದೆ. ಪಾತ್ರೆಯಲ್ಲಿ ಮಾತ್ರ ಅದು ಬಣ್ಣಕ್ಕಷ್ಟೇ, ಪರಿಮಳ ಇಲ್ಲವೆಂದೇ ಹೇಳಬೇಕು. ನೀನು ಅದಕ್ಕಾಗಿ ಬೆಂಗಳೂರಿನಿಂದ ದುಬಾರಿ ಡಬ್ಬಿ ತರಿಸಬೇಡ.

ಎರಡು ವಿಷಯದಲ್ಲಿ ಎಚ್ಚರ ಬೇಕು. ಕ್ರಿಸ್‌ಮಸ್ ಅಂದಮೇಲೆ ಹಸಿರು ಸೂಜಿ ಎಲೆಯ ವಾಸನೆ ಬೇಕು ಎಂದು ಮೊದಲ ವರ್ಷ ನಾನು ಕತ್ತರಿ ಹಿಡಿದು ನಮ್ಮ ಬೇಲಿಯ ಗಿಡದ ಹತ್ತಿರ ಹೋಗಿದ್ದೆ. ಅಜ್ಜಿ ಕಿಟಕಿಯಿಂದ ನೋಡಿದವರು ಚಪ್ಪಲಿಯಲ್ಲೇ ಹಿಮದ ಮೇಲೆ ಓಡಿಬಂದು ಕೈ ಹಿಡಿದರು. ಅದು ಯೂ ಗಿಡ. ಇಲ್ಲಿ ಮನೆಮನೆಯ ಮುಂದೆ ಚಂದಕ್ಕೆ ಬೆಳೆಸುತ್ತಾರೆ, ಎಲೆ, ಬೀಜ ಎಲ್ಲವೂ ವಿಷ. ಗುರುತು ಗೊತ್ತಿಲ್ಲದ ಸೊಪ್ಪು ಪಾತ್ರೆಗೆ ಬೀಳಬಾರದು ಎಂಬುದನ್ನು ಅವತ್ತು ಕಲಿತೆ. ನಿನ್ನ ಅಂಗಳದ ಕಣಗಿಲೆಗೂ ಇದೇ ಮಾತು, ಅತಿಥಿಗಳ ಮಕ್ಕಳು ಹೂವೆಂದು ತಂದು ಹಾಕಿಯಾರು.

ಎರಡನೆಯದು ನೀರು. ಮರುವರ್ಷ ಪಾತ್ರೆ ಒಲೆಯ ಮೇಲಿಟ್ಟು ಹಿಮ ಬಗೆಯಲು ಹೊರಗೆ ಹೋದೆ. ಮುಕ್ಕಾಲು ಗಂಟೆಯೆಂದುಕೊಂಡದ್ದು ಒಂದೂವರೆ ಗಂಟೆಯಾಯಿತು. ನೀರು ಬತ್ತಿ, ಕಿತ್ತಳೆಯ ಸಕ್ಕರೆ ಸೀದು, ಮನೆ ತುಂಬಾ ಹೊಗೆ. ಅಲಾರಂ ಕೂಗುತ್ತಿತ್ತು, ಮಗಳು ಸ್ವೆಟರ್ ಬಾಯಿಗೊತ್ತಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು. ಇನ್‌ಹೇಲರ್ ಕೊಟ್ಟು, ಆ ಚಳಿಯಲ್ಲೂ ಎಲ್ಲ ಕಿಟಕಿ ತೆರೆದಿಟ್ಟೆವು. ಯಾವ ಹೊಗೆಯನ್ನು ತಪ್ಪಿಸಲು ಇದನ್ನು ಶುರು ಮಾಡಿದ್ದೆನೋ ಅದನ್ನೇ ನನ್ನ ಕೈಯಾರೆ ಮನೆಯೊಳಗೆ ತಂದಿದ್ದೆ. ಆ ಸಂಜೆಯನ್ನು ಮರೆತಿಲ್ಲ. ಈಗ ಅರ್ಧ ಗಂಟೆಗೊಮ್ಮೆ ಗಡಿಯಾರ ಕೂಗುವಂತೆ ಇಟ್ಟುಕೊಂಡು ಬಿಸಿನೀರು ಸೇರಿಸುತ್ತೇನೆ. ಅಡುಗೆಮನೆ ಬಿಟ್ಟು ಹೋಗುವಾಗ ಒಲೆ ಆರಿಸಿಯೇ ಹೋಗುತ್ತೇನೆ.

ಪೋಪುರಿ ಅನ್ನುವ ಮಾತಿನ ಮೂಲ ಕೇಳಿದರೆ ನಿನಗೆ ಆಶ್ಚರ್ಯವಾದೀತು. ಫ್ರೆಂಚಿನಲ್ಲಿ ಅದರ ಅರ್ಥ ಕೊಳೆತ ಗಡಿಗೆ. ಸ್ಪೇನಿನ ಒಂದು ಕಲಬೆರಕೆ ಮಾಂಸದ ಅಡುಗೆಯ ಹೆಸರನ್ನು ಅವರು ಹಾಗೆ ತಮ್ಮ ಭಾಷೆಗೆ ತಂದುಕೊಂಡದ್ದು. ಆಮೇಲೆ ಗುಲಾಬಿ ಎಸಳನ್ನು ಪದರ ಪದರವಾಗಿ ಉಪ್ಪಿನಲ್ಲಿ ಹಾಕಿ ಭರಣಿಯಲ್ಲಿ ಕಳಿಯಲು ಬಿಟ್ಟು, ಅದನ್ನು ಕೋಣೆಯಲ್ಲಿಡುವ ಪದ್ಧತಿಗೂ ಅದೇ ಹೆಸರಾಯಿತು. ನನಗೆ ಇದನ್ನು ಓದಿದಾಗ ನಿಮ್ಮನೆ ಅಟ್ಟದ ಮಿಡಿ ಉಪ್ಪಿನಕಾಯಿ ಭರಣಿಗಳೇ ಕಣ್ಣ ಮುಂದೆ ಬಂದವು.

ಇನ್ನು ನಿನ್ನ ಮನೆಗೆ. ಕಿತ್ತಳೆ ಸಿಕ್ಕರೆ ಸರಿ, ಇಲ್ಲದಿದ್ದರೆ ಹಿತ್ತಿಲ ಕಂಚಿಕಾಯಿ ಸಿಪ್ಪೆ ಅದಕ್ಕಿಂತ ಒಂದು ಕೈ ಮೇಲು. ರೋಸ್‌ಮೆರಿ ಬದಲು ಒಂದು ಹಿಡಿ ಮಜ್ಜಿಗೆ ಹುಲ್ಲನ್ನು ಜಜ್ಜಿ ಹಾಕು. ಚಕ್ಕೆಯ ಹಸಿ ಎಲೆ ಎರಡು, ಒಡೆದ ಏಲಕ್ಕಿಯ ಸಿಪ್ಪೆ ಸಾಕು, ಕಾಳು ಪಾಯಸಕ್ಕಿರಲಿ. ನಿಮ್ಮ ತೋಟದ ತೆಳು ಚಕ್ಕೆ ಅರ್ಧ ಗಂಟೆಯಲ್ಲಿ ಮೆತ್ತಗಾಗುತ್ತದೆ. ಇಲ್ಲಿನ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಕ್ಯಾಸಿಯಾ ಎಂಬ ಬೇರೆ ಜಾತಿಯ ಚಕ್ಕೆ, ದಪ್ಪ ತೊಗಟೆ, ಎರಡು ಮೂರು ಸಲ ಕುದಿಸಿದರೂ ಜಗ್ಗುವುದಿಲ್ಲ. ಒಳ್ಳೆಯದನ್ನು ಅಡುಗೆಗಿಟ್ಟುಕೊಂಡು ಒರಟು ತುಂಡುಗಳನ್ನು ಪಾತ್ರೆಗೆ ಹಾಕು.

ಆದರೆ ಇದನ್ನು ಮಳೆಗಾಲದಲ್ಲಿ ಮಾಡಬೇಡ. ಬೂಷ್ಟಿನ ವಾಸನೆ ಹೋಗಲಿ ಎಂದು ಆಸೆಯಾಗುತ್ತದೆ, ಗೊತ್ತು. ಇಲ್ಲಿ ಒಣಗಾಳಿಗೆ ಹಬೆ ಹಿತ. ಆಷಾಢದ ಶಿರಸಿಯಲ್ಲಿ ಮೊದಲೇ ಗೋಡೆ ಬೆವರುತ್ತಿರುತ್ತದೆ, ಹಬೆ ಸೇರಿದರೆ ಬೂಷ್ಟು ಇನ್ನಷ್ಟು ಹಬ್ಬುತ್ತದೆ. ಆಗ ನಿನಗೆ ಬಚ್ಚಲೊಲೆಯ ಬೆಂಕಿಯೇ ಸರಿ. ಧನುರ್ಮಾಸದ ಚಳಿಯಲ್ಲಿ, ಬೆಳಗಿನ ಜಾವ ಅತಿಥಿಗಳು ಏಳುವ ಮುಂಚೆ ಇಟ್ಟು ನೋಡು. ನಿಜ ಹೇಳಬೇಕೆಂದರೆ ಇಂಥದ್ದು ನಮ್ಮಲ್ಲಿ ಇರಲೇ ಇಲ್ಲ ಅನ್ನುವಂತಿಲ್ಲ. ಅಕ್ಕನ ಬಾಣಂತನದಲ್ಲಿ ಹಂಡೆಗೆ ಲಕ್ಕಿ ಸೊಪ್ಪು ಹಾಕಿ ಕಾಯಿಸುವಾಗ ಅಂಗಳದವರೆಗೂ ಬರುತ್ತಿದ್ದ ಆ ಘಾಟು ಪರಿಮಳ ಇದೆಯಲ್ಲ, ಈ ಪಾತ್ರೆಯ ಹಬೆ ಮುಖಕ್ಕೆ ಬಡಿದಾಗಲೆಲ್ಲ ನನಗೆ ಅದೇ ನೆನಪು.

ಅಜ್ಜಿ ಈ ಬೇಸಿಗೆಯಲ್ಲಿ ಮನೆ ಮಾರಿ ದೂರದ ಊರಿನಲ್ಲಿರುವ ಮಗನ ಹತ್ತಿರ ಹೋದರು. ಆ ಮನೆಗೆ ಎರಡು ಚಿಕ್ಕ ಮಕ್ಕಳ ಹೊಸ ಸಂಸಾರ ಬಂದಿದೆ. ಈ ಸಲ ಭರಣಿ ತುಂಬುವವರು ನಾವು, ಎರಡು ಭರಣಿ. ಒಂದು ಪಕ್ಕದ ಮನೆಗೆ, ಒಂದು ಅಂಚೆಯಲ್ಲಿ ಅಜ್ಜಿಗೆ. ಕಿತ್ತಳೆಯನ್ನು ಕಾಲಿಂಚು ದಪ್ಪಕ್ಕೆ ಕೊಯ್ದು, ಓವನ್ನಿನಲ್ಲಿ 93 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ನಾಲ್ಕು ಗಂಟೆ ಒಣಗಿಸಬೇಕು. ಹಸಿ ಉಳಿದರೆ ಭರಣಿಯಲ್ಲಿ ಬೂಷ್ಟು ಬರುತ್ತದೆ. ಹೋದ ವರ್ಷ ನಿನ್ನ ಆಯಿ ಕೊಟ್ಟು ಕಳಿಸಿದ ಲವಂಗ ಇನ್ನೂ ಒಂದು ಹಿಡಿ ಉಳಿದಿತ್ತು, ಉಗುರಿನಿಂದ ಒತ್ತಿದರೆ ಈಗಲೂ ಎಣ್ಣೆ ಜಿನುಗುತ್ತದೆ. ಮಗಳು ಅದನ್ನು ಎಣಿಸಿ ಎರಡು ಪಾಲು ಮಾಡಿದ್ದಾಳೆ, ಹೆಚ್ಚಿನ ಪಾಲು ಅಜ್ಜಿಗಂತೆ.

ಬಿಲ್ಲೆ ತಿರುವಿ ಹಾಕುವ ಹೊತ್ತಾಯಿತು. ಆಯಿಗೆ ನನ್ನ ನಮಸ್ಕಾರ ಹೇಳು, ಲವಂಗ ಎಲ್ಲಿಗೆ ಹೋಯಿತು ಎಂಬುದನ್ನೂ ಹೇಳು.

ನಿನ್ನ,
ಶ್ರೀಧರ